ಶ್ವಾಸಕೋಶದ ಕುರು: ಶತ್ರುವಿನ ಕತ್ತಿಯಿಂದ ಪೆನಿಸಿಲಿನ್‌ವರೆಗೆ

ಕ್ರಿಸ್ತಪೂರ್ವ 4ನೆಯ ಶತಮಾನದ ಮಾತು. ಗ್ರೀಸ್ ದೇಶದ ಥೆಸ್ಸಲಿ ಪ್ರಾಂತದಲ್ಲಿ ಫೆರೇ ಎಂಬ ಪಟ್ಟಣವಿತ್ತು. ಅದರ ಒಡೆಯನಾದ ಜೇಸನ್ ಎಂಬವನಿಗೆ ಎದೆಯೊಳಗೆ ಕುರು ಎದ್ದಿತು. ವೈದ್ಯರು ಕೈಚೆಲ್ಲಿ ಕುಳಿತರು. ಹಾಸಿಗೆಯಲ್ಲಿ ನರಳಿ ಸಾಯುವುದಕ್ಕಿಂತ ರಣರಂಗದಲ್ಲಿ ಸಾಯುವುದೇ ಲೇಸೆಂದು ಆತ ಯುದ್ಧಕ್ಕೆ ಹೊರಟ. ಶತ್ರುವಿನ ಕತ್ತಿ ಅವನ ಎದೆಗೇ ನಾಟಿತು. ಕುರು ಒಡೆಯಿತು, ಕೀವು ಹರಿದುಹೋಯಿತು. ಸಾಯಲು ಹೋದವನು ಗುಣಮುಖನಾಗಿ ಮರಳಿದ. ವೈದ್ಯರಿಗೆ ಆಗದ ಕೆಲಸವನ್ನು ವೈರಿಯ ಕತ್ತಿ ಮಾಡಿತೆಂದು ರೋಮಿನ ಸಿಸೆರೊ ಮತ್ತು ಪ್ಲಿನಿ ಇಬ್ಬರೂ ಈ ಪ್ರಸಂಗವನ್ನು ತಮ್ಮ ಗ್ರಂಥಗಳಲ್ಲಿ ಹೇಳಿದ್ದಾರೆ.

ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ವೈದ್ಯರನ್ನು ಕಾಡಿದ ಪ್ರಶ್ನೆ ಅದರೊಳಗೇ ಇದೆ. ಎದೆಯೊಳಗೆ ಕೀವು ಇದೆಯೆಂದು ತಿಳಿಯುವುದು ಹೇಗೆ? ಎಲ್ಲಿದೆಯೆಂದು ಗುರುತಿಸುವುದು ಹೇಗೆ? ತಿಳಿದ ಮೇಲೆ ಅದನ್ನು ಹೊರತೆಗೆಯುವುದು ಯಾವಾಗ? ಈ ಮೂರನೆಯ ಪ್ರಶ್ನೆಗೆ ಉತ್ತರ ತಪ್ಪಿದಾಗಲೆಲ್ಲ ರೋಗಿಗಳು ಪ್ರಾಣ ತೆತ್ತಿದ್ದಾರೆ.

ನಮ್ಮ ಹಳ್ಳಿಯ ಅಜ್ಜಿಯಂದಿರು ಕುರುವಿನ ಮೇಲೆ ಬೆರಳಾಡಿಸಿ, “ಇನ್ನೂ ಹಣ್ಣಾಗಿಲ್ಲ, ಮುಟ್ಟಬೇಡ” ಎನ್ನುತ್ತಿದ್ದರು. ಇದು ಬರಿಯ ಅಜ್ಜಿಯ ಮಾತಲ್ಲ. ಸುಶ್ರುತ ಸಂಹಿತೆಯಲ್ಲಿ ಬಾವು ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ದಾಟುತ್ತದೆಂದು ವಿವರಿಸಲಾಗಿದೆ. ಹಣ್ಣಾಗದ ಬಾವನ್ನು ತಿಳಿಯದೆ ಕೊಯ್ಯುವವನೂ ಹಣ್ಣಾದುದನ್ನು ಕೊಯ್ಯದೆ ಬಿಡುವವನೂ ಒಂದೇ ಸಮನಾಗಿ ನಿಂದ್ಯರು ಎಂಬುದು ಸುಶ್ರುತನ ಅಭಿಪ್ರಾಯ. ದೇಹದ ಒಳಗೆ ಏಳುವ ಕುರುವನ್ನು ‘ಅಂತರ್ವಿದ್ರಧಿ’ ಎಂದು ಕರೆದು, ಅದು ಎದ್ದೇಳುವ ಅಂಗಗಳನ್ನೂ ಆತ ಪಟ್ಟಿಮಾಡಿದ್ದಾನೆ. ಕೈಕಾಲಿನ ಮೇಲಣ ಕುರು ಹಣ್ಣಾದುದನ್ನು ಬೆರಳಿನಿಂದ ತಿಳಿಯಬಹುದು. ಪಕ್ಕೆಲುಬುಗಳ ಹಿಂದೆ ಅಡಗಿರುವುದನ್ನು ತಿಳಿಯುವ ಬಗೆ ಹೇಗೆ? ಶ್ವಾಸಕೋಶದ ಕುರುವಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯೇ.

ರೋಗದ ಸ್ವರೂಪ

ಮೊದಲು ರೋಗವನ್ನು ಪರಿಚಯ ಮಾಡಿಕೊಳ್ಳೋಣ. ರೋಗಾಣುಗಳು ಶ್ವಾಸಕೋಶದ ಒಂದು ಭಾಗಕ್ಕೆ ಸೇರಿ ಅಲ್ಲಿಯ ಮಾಂಸವನ್ನು ಕೊಳೆಯಿಸುತ್ತವೆ. ಕೊಳೆತ ಭಾಗ ಕರಗಿ ಕೀವಾಗುತ್ತದೆ. ಸುತ್ತಲೂ ಒಂದು ಗೋಡೆ ಕಟ್ಟಿಕೊಳ್ಳುತ್ತದೆ. ಆರಂಭದಲ್ಲಿ ಜ್ವರ, ಕೆಮ್ಮು, ಎದೆನೋವು. ನೋಡಿದವರು ನ್ಯುಮೋನಿಯಾ ಎನ್ನುತ್ತಾರೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಕುರು ಶ್ವಾಸನಾಳದೊಳಕ್ಕೆ ಒಡೆಯುತ್ತದೆ. ಆಗ ರೋಗಿ ಒಮ್ಮೆಲೇ ಬಟ್ಟಲುಗಟ್ಟಲೆ ಕೀವನ್ನು ಕೆಮ್ಮಿ ಉಗುಳುತ್ತಾನೆ. ಅನೇಕರಲ್ಲಿ ಅದರ ನಾತ ಎಷ್ಟು ಘೋರವೆಂದರೆ, ಹಿಂದಿನ ಕಾಲದ ಆಸ್ಪತ್ರೆಗಳಲ್ಲಿ ಇಂಥ ರೋಗಿಯನ್ನು ವಾರ್ಡಿನ ಒಂದು ಮೂಲೆಗೆ ಸರಿಸುತ್ತಿದ್ದರು. ಕೀವು ಹೋದ ಜಾಗದಲ್ಲಿ ಪೊಟರೆಯೊಂದು ಉಳಿಯುತ್ತದೆ.

ಇದಕ್ಕೆ ಒಬ್ಬ ಸೋದರನಿದ್ದಾನೆ. ಶ್ವಾಸಕೋಶದ ಹೊರಗೆ, ಅದನ್ನು ಹೊದ್ದ ಪೊರೆಗೂ ಎದೆಗೂಡಿನ ಒಳಪೊರೆಗೂ ನಡುವೆ ಕೀವು ತುಂಬಿದರೆ ಅದಕ್ಕೆ ಎಂಪೈಮಾ ಎಂದು ಹೆಸರು. ಕುರು ಹೊರಮುಖವಾಗಿ ಒಡೆದರೂ ಎಂಪೈಮಾ ಉಂಟಾಗುತ್ತದೆ. ಹಳಬರ ಬರವಣಿಗೆಯಲ್ಲಿ ಇವೆರಡೂ ಕಲಸಿಹೋಗಿವೆ. ಎದೆಯನ್ನು ಕೊಯ್ದು ನೋಡುವ ಸಾಧ್ಯತೆ ಇಲ್ಲದಿದ್ದಾಗ ಬೇರ್ಪಡಿಸುವುದಾದರೂ ಹೇಗೆ?

ಕಿವಿ ಮತ್ತು ಬೆರಳು

ಗ್ರೀಸಿನ ಹಿಪೊಕ್ರೆಟಿಸನ ಪಂಥದವರು ತಮ್ಮ ಮಟ್ಟಿಗೆ ಜಾಣ ಉಪಾಯಗಳನ್ನು ಕಂಡುಕೊಂಡಿದ್ದರು. ರೋಗಿಯ ಭುಜ ಹಿಡಿದು ಅಲುಗಿಸಿ ಎದೆಗೆ ಕಿವಿಯಿಟ್ಟು ಒಳಗೆ ದ್ರವ ಕುಲುಕುವ ಸದ್ದನ್ನು ಆಲಿಸುತ್ತಿದ್ದರು. ನುಣುಪಾದ ಜೇಡಿಮಣ್ಣನ್ನು ನೀರಲ್ಲಿ ಕಲಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಎದೆಗೆ ಸುತ್ತುತ್ತಿದ್ದರು. ಬಟ್ಟೆ ಎಲ್ಲಿ ಮೊದಲು ಒಣಗುವುದೋ ಅಲ್ಲಿ ತಾಪ ಹೆಚ್ಚು, ಅಲ್ಲೇ ಕೊಯ್ಯಬೇಕು ಎಂಬುದು ಅವರ ಲೆಕ್ಕ. ಎದೆಯಲ್ಲಿ ಕೀವು ನಿಂತವರ ಉಗುರುಗಳು ಬಾಗುವುದನ್ನೂ ಅವರು ಗಮನಿಸಿದ್ದರು. ಇಂದಿಗೂ ಬೆರಳ ತುದಿ ದಪ್ಪವಾಗಿ ಉಗುರು ಗಿಳಿಯ ಕೊಕ್ಕಿನಂತೆ ಬಾಗಿದ್ದರೆ ವೈದ್ಯರು ಎದೆಯನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಇದಾದ ಮೇಲೆ ರೋಗನಿದಾನ ಗಣನೀಯವಾಗಿ ಮುಂದುವರಿದದ್ದು 18ನೆಯ ಶತಮಾನದಲ್ಲಿ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಹೋಟೆಲು ನಡೆಸುತ್ತಿದ್ದವರೊಬ್ಬರ ಮಗ ಲಿಯೊಪೋಲ್ಡ್ ಔಯೆನ್‌ಬ್ರುಗ್ಗರ್. ಮದ್ಯದ ಪೀಪಾಯಿಯನ್ನು ಬೆರಳಿಂದ ತಟ್ಟಿ, ಎಷ್ಟು ತುಂಬಿದೆ ಎಷ್ಟು ಖಾಲಿ ಎಂದು ತಿಳಿಯುವುದನ್ನು ಆತ ಹುಡುಗನಾಗಿದ್ದಾಗ ಕಂಡಿದ್ದನೆಂದು ಹೇಳುವುದುಂಟು. ವಿಯೆನ್ನಾದಲ್ಲಿ ವೈದ್ಯನಾದ ಮೇಲೆ ಆತ ಅದೇ ರೀತಿ ರೋಗಿಗಳ ಎದೆಯನ್ನು ತಟ್ಟಿ ನೋಡಿದ. ಗಾಳಿಯಿರುವಲ್ಲಿ ತಮಟೆಯ ನಾದ, ಕೀವು ತುಂಬಿದಲ್ಲಿ ಮಂದ ಸದ್ದು. ಇದನ್ನು 1761ರಲ್ಲಿ ಪುಟ್ಟ ಪುಸ್ತಕವಾಗಿ ಪ್ರಕಟಿಸಿದ. ಲೋಕ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಸುಮಾರು ಅರ್ಧ ಶತಮಾನದ ಮೇಲೆ, 1808ರಲ್ಲಿ, ನೆಪೋಲಿಯನ್ನನ ವೈದ್ಯನಾದ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ಅನುವಾದಿಸಿದಾಗಲೇ ಆ ವಿದ್ಯೆಗೆ ಬೆಲೆ ಬಂದದ್ದು. ಅಷ್ಟರಲ್ಲಿ ಔಯೆನ್‌ಬ್ರುಗ್ಗರ್ ಎಂಬತ್ತು ದಾಟಿದ ಮುದುಕ.

1816ರಲ್ಲಿ ಪ್ಯಾರಿಸಿನ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಿಡಿದು ಆಲಿಸಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಶ್ವಾಸಕೋಶದಲ್ಲಿ ಪೊಟರೆಯಿದ್ದರೆ ರೋಗಿ ಆಡಿದ ಮಾತು ಬಾಯಿಂದ ಬಂದಂತಿರದೆ ನೇರ ಎದೆಯಿಂದಲೇ ಕೊಳವೆಯ ಮೂಲಕ ಬಂದಂತೆ ಕೇಳಿಸುವುದನ್ನು ಆತ ಗುರುತಿಸಿದ. ಬದುಕಿದ್ದಾಗ ಕೇಳಿದ ಸದ್ದನ್ನು ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡ ವಿಕಾರದೊಡನೆ ತಾಳೆ ನೋಡಿ, 1819ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಕ್ಷಯ, ಕುರು, ಕೊಳೆತ ಶ್ವಾಸಕೋಶ, ಎಂಪೈಮಾ ಇವು ಬೇರೆ ಬೇರೆ ಎಂಬ ವಿವೇಚನೆ ಬೆಳೆದದ್ದು ಅಂಥವರಿಂದ. ಲೆನೆಕ್ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡ.

ಕೊಯ್ಯುವ ಭಯ

ಕುರು ಎಲ್ಲಿದೆ ಎಂದು ತಿಳಿದರೂ ತೆಗೆಯುವ ಧೈರ್ಯ ಯಾರಿಗಿತ್ತು? ಪ್ಯಾರಿಸಿನ ಸುಪ್ರಸಿದ್ಧ ಶಸ್ತ್ರವೈದ್ಯ ದ್ಯುಪ್ಯುತ್ರೆನ್‌ಗೆ 1835ರಲ್ಲಿ ಎಂಪೈಮಾ ಆಯಿತು. ಸಾವಿರಾರು ಜನರನ್ನು ಕೊಯ್ದ ಕೈ ಅದು. ಸಹೋದ್ಯೋಗಿಗಳು ಶಸ್ತ್ರಕ್ರಿಯೆಗೆ ಒತ್ತಾಯಿಸಿದಾಗ, ವೈದ್ಯನ ಕೈಯಲ್ಲಿ ಸಾಯುವುದಕ್ಕಿಂತ ದೇವರ ಕೈಯಲ್ಲಿ ಸಾಯುವುದೇ ಮೇಲೆಂದು ನಿರಾಕರಿಸಿದನಂತೆ. ತನ್ನ ವೃತ್ತಿಯ ಮಿತಿ ಆತನಿಗೆ ಚೆನ್ನಾಗಿ ಗೊತ್ತಿತ್ತು.

ಎದೆಯನ್ನು ಕೊಯ್ಯುವುದು ಹೊಟ್ಟೆಯನ್ನು ಕೊಯ್ದಂತಲ್ಲ. ಶ್ವಾಸಕೋಶ ಹಿಗ್ಗಿ ನಿಂತಿರುವುದು ಎದೆಗೂಡಿನೊಳಗೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ ಇರುವುದರಿಂದ. ಎದೆಗೆ ರಂಧ್ರ ಮಾಡಿದೊಡನೆ ಗಾಳಿ ಒಳನುಗ್ಗಿ ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಈ ತೊಡಕನ್ನು ನಿವಾರಿಸಲು ಹ್ಯಾಂಬರ್ಗಿನ ಬ್ಯೂಲೌ ಎಂಬ ವೈದ್ಯ ಸರಳವಾದ ದಾರಿಯೊಂದನ್ನು ತೋರಿಸಿದ. ಎದೆಯೊಳಕ್ಕೆ ಇಳಿಬಿಟ್ಟ ಕೊಳವೆಯ ಇನ್ನೊಂದು ತುದಿಯನ್ನು ಕೆಳಗಿಟ್ಟ ಸೀಸೆಯ ನೀರಿನಲ್ಲಿ ಮುಳುಗಿಸುವುದು. ಕೀವು ಇಳಿದುಬರುತ್ತದೆ, ನೀರು ಅಡ್ಡವಿರುವುದರಿಂದ ಗಾಳಿ ಮೇಲೇರುವುದಿಲ್ಲ. 1870ರ ದಶಕದಲ್ಲಿ ಬಳಕೆಗೆ ತಂದ ಈ ವಿಧಾನವನ್ನು ಆತ 1891ರಲ್ಲಿ ವಿವರವಾಗಿ ಪ್ರಕಟಿಸಿದ. ಇಂದು ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಎದೆರೋಗಿಯ ಮಂಚದ ಕೆಳಗೆ ಗುಳುಗುಳು ಎನ್ನುತ್ತಿರುವ ಸೀಸೆಯನ್ನು ನೋಡಬಹುದು. ಅದು ಬ್ಯೂಲೌವಿನ ಸೀಸೆಯ ವಂಶದ್ದೇ.

ಈ ಪಾಠ ವೈದ್ಯಲೋಕಕ್ಕೆ ಪೂರ್ತಿ ಮನದಟ್ಟಾದದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. 1917-18ರಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ದಡಾರ ಹಬ್ಬಿತು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ. ಸ್ಟ್ರೆಪ್ಟೊಕಾಕಸ್ ರೋಗಾಣುವಿನ ನ್ಯುಮೋನಿಯಾ ತಗಲಿ ಸಾವಿರಾರು ಯುವಕರ ಎದೆಯಲ್ಲಿ ಕೀವು ತುಂಬಿತು. ಅಂದಿನ ಪದ್ಧತಿಯಂತೆ ಶಸ್ತ್ರವೈದ್ಯರು ತಡಮಾಡದೆ ಪಕ್ಕೆಲುಬು ಕತ್ತರಿಸಿ ಎದೆಯನ್ನು ತೆರೆದರು. ಸರಾಸರಿ ನೂರಕ್ಕೆ ಮೂವತ್ತರಷ್ಟು ಜನ ಸತ್ತರು. ಕೆಲವು ಶಿಬಿರಗಳಲ್ಲಿ ಇನ್ನೂ ಹೆಚ್ಚು. ಸೈನ್ಯ ಒಂದು ಎಂಪೈಮಾ ಆಯೋಗವನ್ನು ನೇಮಿಸಿತು. ಅದರಲ್ಲಿದ್ದ ಎವಾರ್ಟ್ಸ್ ಗ್ರಹಾಮ್ ಮತ್ತು ರಿಚರ್ಡ್ ಬೆಲ್ ಪ್ರಯೋಗಗಳ ಮೂಲಕ ಕಾರಣ ಕಂಡುಹಿಡಿದರು. ರೋಗದ ಮೊದಲ ದಿನಗಳಲ್ಲಿ ಕೀವು ನೀರಿನಂತೆ ತೆಳ್ಳಗಿರುತ್ತದೆ. ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿರುವುದಿಲ್ಲ. ಆಗ ಎದೆಯನ್ನು ತೆರೆದರೆ ಒಂದು ಶ್ವಾಸಕೋಶ ಕುಸಿಯುವುದಷ್ಟೇ ಅಲ್ಲ, ನಡುವಣ ಅಂಗಗಳೂ ಪಕ್ಕಕ್ಕೆ ವಾಲಿ ಇನ್ನೊಂದು ಶ್ವಾಸಕೋಶವೂ ಸೊರಗುತ್ತದೆ. ಆದುದರಿಂದ ಆರಂಭದಲ್ಲಿ ಸೂಜಿ ಹಾಕಿ ಕೀವನ್ನು ಹೀರಿ ತೆಗೆಯಿರಿ, ರೋಗಿಗೆ ಒಳ್ಳೆಯ ಆಹಾರ ಕೊಟ್ಟು ಕಾಯಿರಿ, ಕೀವು ಗಟ್ಟಿಯಾಗಿ ಪೊರೆಗಳು ಅಂಟಿಕೊಂಡ ಮೇಲೆ ತೆರೆಯಿರಿ ಎಂದು ಆಯೋಗ ಹೇಳಿತು. ಇದನ್ನು ಪಾಲಿಸಿದ ಶಿಬಿರದಲ್ಲಿ ಸಾವು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಹೊಸ ಔಷಧಿ ಬಂದಿರಲಿಲ್ಲ, ಹೊಸ ಉಪಕರಣವೂ ಇರಲಿಲ್ಲ. ಬದಲಾದದ್ದು ಕೊಯ್ಯುವ ಹೊತ್ತು. ಹಣ್ಣಾಗುವ ತನಕ ತಾಳಬೇಕೆಂಬ ಸುಶ್ರುತನ ಮಾತನ್ನು ಇಪ್ಪತ್ತನೆಯ ಶತಮಾನದ ಶಸ್ತ್ರವೈದ್ಯ ತನ್ನದೇ ದಾರಿಯಲ್ಲಿ ಮತ್ತೆ ಕಲಿತುಕೊಂಡಿದ್ದ.

ಆಧುನಿಕ ವೈದ್ಯಶಿಕ್ಷಣದ ಗುರುವೆನಿಸಿದ ಸರ್ ವಿಲಿಯಂ ಆಸ್ಲರ್ 1919ರ ಡಿಸೆಂಬರ್ 29ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡದ್ದು ನ್ಯುಮೋನಿಯಾದ ಬೆನ್ನಿಗೆ ಬಂದ ಎಂಪೈಮಾದಿಂದಲೇ. ವೈದ್ಯರ ತಲೆಮಾರುಗಳಿಗೆ ಈ ರೋಗವನ್ನು ಗುರುತಿಸಲು ಕಲಿಸಿದ ಪುಸ್ತಕ ಬರೆದವರು ಅವರು. ಶಸ್ತ್ರಕ್ರಿಯೆ ನಡೆದರೂ ಉಳಿಯಲಿಲ್ಲ.

ಹಲ್ಲಿನ ಸಂದಿಯಿಂದ ಶ್ವಾಸಕೋಶಕ್ಕೆ

ಕುರು ಏಳುವುದಾದರೂ ಏಕೆ? 1920ರ ದಶಕದಲ್ಲಿ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡ ಅಥವಾ ಹಲ್ಲು ಕೀಳಿಸಿಕೊಂಡ ಆರೋಗ್ಯವಂತರು ಒಂದೆರಡು ವಾರಗಳಲ್ಲಿ ಶ್ವಾಸಕೋಶದ ಕುರುವಿನೊಡನೆ ಆಸ್ಪತ್ರೆಗೆ ಮರಳುತ್ತಿದ್ದರು. ಅಂದು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಯೇ ಅರಿವಳಿಕೆ ಕೊಟ್ಟು ಈ ಕೆಲಸ ಮಾಡುವುದಿತ್ತು. ಎಚ್ಚರದಲ್ಲಿದ್ದಾಗ ಅಗುಳೊಂದು ದಾರಿ ತಪ್ಪಿದರೂ ಕೆಮ್ಮು ಬಂದು ಹೊರದೂಡುತ್ತದೆ. ಅರಿವಿಲ್ಲದಾಗ ರಕ್ತ, ಎಂಜಲು, ಹಲ್ಲಿನ ಚೂರು ಎಲ್ಲವೂ ತಡೆಯಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತವೆ.

ನ್ಯೂಯಾರ್ಕ್ ರಾಜ್ಯದ ಡೇವಿಡ್ ಸ್ಮಿತ್ ಎಂಬ ವೈದ್ಯರು 1920ರ ದಶಕದ ಕೊನೆಯಲ್ಲಿ, ಕುರುವಿನಿಂದ ಸತ್ತವರ ಶ್ವಾಸಕೋಶದಲ್ಲಿ ಕಂಡ ರೋಗಾಣುಗಳು ಕೊಳೆತ ವಸಡಿನ ಸಂದಿಯಲ್ಲಿರುವ ರೋಗಾಣುಗಳನ್ನೇ ಹೋಲುತ್ತವೆಂದು ತೋರಿಸಿದರು. ಅವನ್ನು ಪ್ರಾಣಿಗಳ ಶ್ವಾಸನಾಳಕ್ಕೆ ಹಾಕಿ ಕುರು ಎಬ್ಬಿಸಿದರು. ಒಂದೇ ಜಾತಿಯ ರೋಗಾಣುವಿನಿಂದ ಆಗದ ಕೇಡು ಹಲವು ಸೇರಿದಾಗ ಆಗುತ್ತಿತ್ತು. ಇವು ಗಾಳಿಯಿಲ್ಲದ ಕಡೆ ಬೆಳೆಯುವ ಜಾತಿಯವು. ಆ ಭಯಂಕರ ನಾತ ಇವುಗಳ ಕೊಡುಗೆ. ಸಾಧಾರಣ ಪ್ರಯೋಗಾಲಯದಲ್ಲಿ ಗಾಳಿಗೆ ಒಡ್ಡಿದೊಡನೆ ಸಾಯುವುದರಿಂದ ಇವು ಬಹುಕಾಲ ಕೈಗೆ ಸಿಕ್ಕಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಜಾನ್ ಬಾರ್ಟ್‌ಲೆಟ್, ಸಿಡ್ನಿ ಫೈನ್‌ಗೋಲ್ಡ್ ಮೊದಲಾದವರು ಗಂಟಲಿನ ಕೆಳಗೆ ಸೂಜಿ ಹಾಕಿ ನೇರವಾಗಿ ಶ್ವಾಸನಾಳದಿಂದ ದ್ರವ ತೆಗೆದು, ಗಾಳಿ ಸೋಕದಂತೆ ಬೆಳೆಸಿ, ಸ್ಮಿತ್ತರ ಮಾತನ್ನು ಸಿದ್ಧಪಡಿಸಿದರು.

ಹಾಗಾದರೆ ಕುರು ಶ್ವಾಸಕೋಶದ ಯಾವ ಭಾಗದಲ್ಲಿ ಏಳುತ್ತದೆ? ಲಂಡನ್ನಿನ ಗೈಸ್ ಆಸ್ಪತ್ರೆಯ ರಸೆಲ್ ಬ್ರಾಕ್ 1940ರ ದಶಕದಲ್ಲಿ ಇದಕ್ಕೆ ಉತ್ತರ ಕೊಟ್ಟರು. ನೀರು ತಗ್ಗಿಗೆ ಹರಿಯುವಂತೆ, ಒಳಗಿಳಿದ ಎಂಜಲು ಆ ಹೊತ್ತಿನಲ್ಲಿ ಶ್ವಾಸಕೋಶದ ಯಾವ ಕವಲು ತಗ್ಗಿನಲ್ಲಿರುವುದೋ ಅಲ್ಲಿಗೆ ಹೋಗುತ್ತದೆ. ಅಂಗಾತ ಅಥವಾ ಮಗ್ಗುಲಾಗಿ ಮಲಗಿದವನಲ್ಲಿ ಮೇಲಿನ ಹಾಲೆಯ ಹಿಂಭಾಗ ಮತ್ತು ಕೆಳಗಿನ ಹಾಲೆಯ ತುದಿ. ಬಲಗಡೆಯ ಶ್ವಾಸನಾಳ ಹೆಚ್ಚು ನೆಟ್ಟಗಿರುವುದರಿಂದ ಎಡಕ್ಕಿಂತ ಬಲಕ್ಕೇ ಹೆಚ್ಚು. ಅವರ ಈ ಶೋಧದಿಂದ ಚಿಕಿತ್ಸೆಗೂ ದಾರಿ ಸಿಕ್ಕಿತು: ಕುರು ಇರುವ ಕವಲು ಮೇಲಕ್ಕೆ ಬರುವಂತೆ ರೋಗಿಯನ್ನು ತಕ್ಕ ಭಂಗಿಯಲ್ಲಿ ಮಲಗಿಸಿ ಬೆನ್ನು ತಟ್ಟಿದರೆ ಕೀವು ತಾನಾಗಿ ಇಳಿದು ಕೆಮ್ಮಿನೊಡನೆ ಹೊರಬರುತ್ತದೆ.

ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುವವರು ಯಾರೆಂಬುದೂ ಇದರಿಂದ ಸ್ಪಷ್ಟವಾಯಿತು. ಕುಡಿದು ಮೈಮರೆತು ಬಿದ್ದವರು, ಮೂರ್ಛೆರೋಗಿಗಳು, ಪಾರ್ಶ್ವವಾಯು ಬಡಿದು ನುಂಗಲಾರದವರು. ಜೊತೆಗೆ ಹುಳುಕು ಹಲ್ಲು, ಕೀವು ಸುರಿಯುವ ವಸಡು. ಬೊಚ್ಚುಬಾಯಿಯವರಲ್ಲಿ ಈ ಕುರು ಅಪರೂಪ. ಅಂಥವರಲ್ಲಿ ಕಂಡರೆ ಶ್ವಾಸನಾಳವನ್ನು ಕ್ಯಾನ್ಸರು ಮುಚ್ಚಿರಬಹುದೇ ಎಂದು ನೋಡಬೇಕೆಂಬುದು ಹಿರಿಯ ವೈದ್ಯರು ಕಿರಿಯರಿಗೆ ಕಲಿಸುವ ಪಾಠ.

ಒಳಗನ್ನು ಕಂಡ ಕಣ್ಣು

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಕಿವಿ, ಬೆರಳುಗಳಿಗೆ ಕಣ್ಣು ಜೊತೆಯಾಯಿತು. ನಿಂತಿರುವ ರೋಗಿಯ ಚಿತ್ರದಲ್ಲಿ ಕುರು ಅರ್ಧ ತುಂಬಿದ ಗಡಿಗೆಯಂತೆ ಕಾಣುತ್ತದೆ. ಕೆಳಗೆ ಕೀವು, ಮೇಲೆ ಗಾಳಿ, ನಡುವೆ ನೇರ ಗೆರೆ. ಆದರೆ ಪೊಟರೆಯೆಲ್ಲವೂ ಕುರುವಲ್ಲ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆ ಕಫಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸುವುದು ಸಾಧ್ಯವಾಗಿತ್ತು. ಶ್ವಾಸಕೋಶದಲ್ಲಿ ತೂತು ಎಂದೊಡನೆ ಕ್ಷಯವೆಂದೇ ಭಾವಿಸುವ ನಮ್ಮ ದೇಶದಲ್ಲಿ ಈ ಪರೀಕ್ಷೆಯ ಮಹತ್ವ ಇಂದಿಗೂ ಕಡಿಮೆಯಾಗಿಲ್ಲ.

1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ರೈತನೊಬ್ಬನ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಅಲ್ಲಿ ಸಿಕ್ಕಿಕೊಂಡಿದ್ದ ಎಲುಬಿನ ಚೂರನ್ನು ತೆಗೆದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜಾಕ್ಸನ್ ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದರು. ಮಕ್ಕಳೂ ದೊಡ್ಡವರೂ ನುಂಗಿದ ಗುಂಡಿ, ಪಿನ್ನು, ಕಡಲೆಬೀಜ, ನಾಣ್ಯ ಮುಂತಾಗಿ ಎರಡು ಸಾವಿರಕ್ಕೂ ಮಿಕ್ಕ ವಸ್ತುಗಳನ್ನು ಅವರು ತೆಗೆದು ಜೋಪಾನವಾಗಿ ಕೂಡಿಟ್ಟಿದ್ದರು. ಅವು ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ. ಇಂಥ ವಸ್ತು ಒಳಗೇ ಉಳಿದರೆ ಅದರ ಆಚೆಗೆ ಕುರು ಏಳುವುದು ನಿಶ್ಚಯ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಸ್ಕ್ಯಾನ್ ಯಂತ್ರ ಮೊದಲ ರೋಗಿಯ ತಲೆಯನ್ನು ನೋಡಿತು. ಅದು ಎದೆಗೂ ಬಂದ ಮೇಲೆ, ಕೀವು ಇರುವುದು ಶ್ವಾಸಕೋಶದ ಒಳಗೋ ಹೊರಪೊರೆಗಳ ನಡುವೆಯೋ ಎಂಬ ಹಳೆಯ ಗೊಂದಲ ಬಹುತೇಕ ಕೊನೆಗೊಂಡಿತು. ಈ ಭೇದ ಮುಖ್ಯ. ಎಂಪೈಮಾವಾದರೆ ಕೊಳವೆ ಹಾಕಲೇಬೇಕು, ಕುರುವಾದರೆ ಸಾಮಾನ್ಯವಾಗಿ ಹಾಕಬೇಕಾಗಿಲ್ಲ.

ಪೆನಿಸಿಲಿನ್ನಿನ ಮುಂಚೆ, ಆಮೇಲೆ

ಪೆನಿಸಿಲಿನ್ ಬರುವ ಮುಂಚೆ ಈ ಕುರುವಿನ ರೋಗಿಗಳ ಹಣೆಬರಹವನ್ನು ವೈದ್ಯರು ಮೂರು ಪಾಲು ಮಾಡಿ ಹೇಳುತ್ತಿದ್ದರು. ಮೂರರಲ್ಲೊಬ್ಬ ಸಾಯುತ್ತಾನೆ, ಒಬ್ಬ ತಾನಾಗಿ ಗುಣವಾಗುತ್ತಾನೆ, ಇನ್ನೊಬ್ಬ ವರ್ಷಗಟ್ಟಲೆ ನಾರುವ ಕಫ ಉಗುಳುತ್ತ ನವೆಯುತ್ತಾನೆ. 1936ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ನ್ಯೂಹಾಫ್ ಮತ್ತು ಟೂರಾಫ್, ಕುರು ಎದೆಗೋಡೆಗೆ ಅಂಟಿಕೊಂಡ ಜಾಗವನ್ನು ಕ್ಷ-ಕಿರಣದಿಂದ ನಿಖರವಾಗಿ ಗುರುತಿಸಿ, ಅಲ್ಲಿ ಪಕ್ಕೆಲುಬಿನ ತುಂಡನ್ನು ತೆಗೆದು, ಒಂದೇ ಸಲಕ್ಕೆ ಕೀವು ಬಸಿಯುವ ಕ್ರಮವನ್ನು ಪ್ರಕಟಿಸಿದರು. ಸಾವು ಬಹಳ ಇಳಿಯಿತು. ಅದು ಈ ಶಸ್ತ್ರಕ್ರಿಯೆಯ ಉಚ್ಛ್ರಾಯ ಕಾಲ.

ಆದರೆ ಹತ್ತು ವರ್ಷಗಳೊಳಗೆ ಆ ಶಸ್ತ್ರಕ್ರಿಯೆಯೇ ಅಪರೂಪವಾಯಿತು. 1928ರಲ್ಲಿ ಫ್ಲೆಮಿಂಗ್ ಕಂಡ ಬೂಷ್ಟಿನಿಂದ ಫ್ಲೋರಿ ಮತ್ತು ಚೈನ್ ಔಷಧಿ ತಯಾರಿಸಿದರು. ಎರಡನೆಯ ಮಹಾಯುದ್ಧದ ಕೊನೆಗೆ ಅದು ಜನಸಾಮಾನ್ಯರಿಗೂ ದೊರೆಯತೊಡಗಿತು. ಕೆಲವು ವಾರಗಳ ಪೆನಿಸಿಲಿನ್ ಚಿಕಿತ್ಸೆಯಿಂದ ಕುರು ಬರಿದಾಗಿ, ಪೊಟರೆ ಮುಚ್ಚಿ, ಒಂದು ಗೆರೆ ಮಾತ್ರ ಉಳಿಯುವುದನ್ನು ವೈದ್ಯರು ಕಂಡರು. ಮುಂದೆ ರೋಗಾಣುಗಳು ಪೆನಿಸಿಲಿನ್ನಿಗೆ ಜಗ್ಗದಾದಾಗ ಕ್ಲಿಂಡಮೈಸಿನ್ ಮತ್ತಿತರ ಔಷಧಿಗಳು ಬಂದವು. 1983ರಲ್ಲಿ ಪ್ರಕಟವಾದ ತುಲನೆಯಲ್ಲಿ ಕ್ಲಿಂಡಮೈಸಿನ್ನೇ ಮೇಲೆನಿಸಿತು. ಇಂದು ಹತ್ತು ರೋಗಿಗಳಲ್ಲಿ ಎಂಟು ಒಂಬತ್ತು ಮಂದಿ ಔಷಧಿಯಿಂದಲೇ ಗುಣ ಹೊಂದುತ್ತಾರೆ.

ನಮ್ಮ ನೆಲದ ಎರಡು ಅಧ್ಯಾಯಗಳು

ಈ ಚರಿತ್ರೆಯಲ್ಲಿ ನಮ್ಮ ಭಾಗದ ಎರಡು ಅಧ್ಯಾಯಗಳಿವೆ. ಮೊದಲನೆಯದು ಅಮೀಬಾದ್ದು. ಆಮಶಂಕೆಗೆ ಕಾರಣವಾದ ಈ ಜೀವಿ ಕರುಳಿನಿಂದ ಯಕೃತ್ತಿಗೆ ಹೋಗಿ ಅಲ್ಲಿ ಕುರು ಎಬ್ಬಿಸುತ್ತದೆ. ಆ ಕುರು ಕೆಲವೊಮ್ಮೆ ವಪೆಯನ್ನು ಕೊರೆದು ಶ್ವಾಸಕೋಶಕ್ಕೆ ಒಡೆಯುತ್ತದೆ. ರೋಗಿ ಚಾಕೊಲೇಟ್ ಬಣ್ಣದ ಕಫವನ್ನು ಉಗುಳತೊಡಗಿದರೆ ಅನುಭವಿ ವೈದ್ಯರು ನೋಡಿದೊಡನೆ ಗುರುತಿಸುತ್ತಾರೆ. 1912ರಲ್ಲಿ ಕಲಕತ್ತೆಯ ಲಿಯೊನಾರ್ಡ್ ರೋಜರ್ಸ್ ಇಪೆಕಾಕ್ ಬೇರಿನ ಸತ್ವವಾದ ಎಮೆಟಿನ್ನನ್ನು ಚುಚ್ಚಿ ಕೊಡುವ ಕ್ರಮವನ್ನು ಬಳಕೆಗೆ ತಂದರು. ಯಕೃತ್ತಿನ ಕುರುವನ್ನು ಕೊಯ್ದು ತೆರೆದರೆ ಹೊರಗಿನ ರೋಗಾಣು ಹೊಕ್ಕು ರೋಗಿ ಸಾಯುತ್ತಾನೆ, ಸೂಜಿಯಿಂದ ಹೀರಿ ತೆಗೆಯುವುದೇ ಲೇಸು ಎಂಬುದು ಅವರ ವಾದ. ಅಮೆರಿಕದ ಶಿಬಿರಗಳಲ್ಲಿ ತಾಳ್ಮೆಯ ಪಾಠ ಕಲಿಯುವುದಕ್ಕೆ ಮುನ್ನವೇ ಕಲಕತ್ತೆಯಲ್ಲಿ ಅಂಥದೇ ವಿವೇಕ ಮೂಡಿತ್ತೆಂಬುದು ಗಮನಾರ್ಹ. 1966ರಲ್ಲಿ ಮೆಟ್ರೊನಿಡಜೋಲ್ ಅಮೀಬಾದ ಮೇಲೆ ಪರಿಣಾಮಕಾರಿಯೆಂದು ತಿಳಿದ ಮೇಲೆ ಎಮೆಟಿನ್ ಹಿಂದೆ ಸರಿಯಿತು.

ಎರಡನೆಯ ಅಧ್ಯಾಯ ರಂಗೂನಿನದು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ. 1911ರಲ್ಲಿ ಅಲ್ಲಿಯ ರೋಗಶಾಸ್ತ್ರಜ್ಞ ಆಲ್ಫ್ರೆಡ್ ವ್ಹಿಟ್‌ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಶವಪರೀಕ್ಷೆ ಮಾಡುವಾಗ ಶ್ವಾಸಕೋಶ ಮೊದಲಾದ ಅಂಗಗಳಲ್ಲಿ ಕುರುಗಳೆದ್ದು ಸತ್ತ ಬಡವರನ್ನು ಕಂಡರು. ಅದುವರೆಗೆ ಯಾರೂ ವರ್ಣಿಸದ ರೋಗಾಣುವೊಂದು ಅದಕ್ಕೆ ಕಾರಣವೆಂದು ಪತ್ತೆಹಚ್ಚಿ 1912ರಲ್ಲಿ ಪ್ರಕಟಿಸಿದರು. ಮುಂದೆ ಈ ರೋಗಕ್ಕೆ ಮೆಲಿಯಾಯ್ಡೋಸಿಸ್ ಎಂದು ಹೆಸರಾಯಿತು. ಈ ರೋಗಾಣುವಿನ ಮನೆ ಗದ್ದೆಯ ಕೆಸರು, ಮಳೆನೀರು ನಿಂತ ಮಣ್ಣು. ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಒಳಹೊಕ್ಕು, ಮುಖ್ಯವಾಗಿ ಸಕ್ಕರೆ ಕಾಯಿಲೆಯವರನ್ನು ಹಿಡಿಯುತ್ತದೆ. ಥಾಯ್‌ಲೆಂಡಿನಲ್ಲಿ ಸೆಫ್ಟಾಜಿಡಿಮ್ ಔಷಧಿಯಿಂದ ಸಾವು ಅರ್ಧಕ್ಕೆ ಇಳಿದುದನ್ನು 1989ರಲ್ಲಿ ವರದಿ ಮಾಡಿದರು.

ನಮಗೆ ಇದರಿಂದೇನು ಎನ್ನುವಂತಿಲ್ಲ. ವೆಲ್ಲೂರು ಮತ್ತು ಮಣಿಪಾಲದ ವೈದ್ಯರು ಹುಡುಕಿ ನೋಡಿದಾಗ ಈ ರೋಗ ನಮ್ಮ ಕರಾವಳಿಯಲ್ಲೇ ನೆಲೆಸಿರುವುದು ಗೊತ್ತಾಯಿತು. ಮಳೆಗಾಲದಲ್ಲಿ ಇದು ಹೆಚ್ಚು. ಜ್ವರ, ಕೆಮ್ಮು, ತೂಕ ಇಳಿಯುವುದು, ಚಿತ್ರದಲ್ಲಿ ಪೊಟರೆ: ಎಲ್ಲವೂ ಕ್ಷಯದಂತೆಯೇ. ಅದೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮದ್ದು ಕೊಟ್ಟು ಕೈಸುಟ್ಟುಕೊಂಡ ನಿದರ್ಶನಗಳು ವೈದ್ಯಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆದರೂ, ಹೊರಗಿನ ಕಲ್ಮಷವೆಂದು ಚೆಲ್ಲಿಬಿಡುವುದುಂಟು. ಮುಂಬಯಿ, ಪುಣೆಗಳಲ್ಲಿರುವ ನಮ್ಮ ಕರಾವಳಿಯ ಬಂಧುಗಳು ಆಟಿ ತಿಂಗಳಿಗೋ ಚೌತಿಗೋ ಊರಿಗೆ ಹೋಗಿ ಗದ್ದೆಗೆ ಇಳಿದು ಬರುತ್ತಾರೆ. ಮರಳಿ ಬಂದ ಮೇಲೆ ಜ್ವರ ಬಿಡದಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದರೆ, ಊರಿಗೆ ಹೋಗಿದ್ದ ಸಂಗತಿಯನ್ನು ಇಲ್ಲಿಯ ಡಾಕ್ಟರಿಗೆ ಮರೆಯದೆ ಹೇಳಬೇಕು. ಗದ್ದೆಯ ಕೆಸರನ್ನು ಕಾಣದ ಮಹಾನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಉಪದ್ರವಗಳು

ಕುರುವಿಗಿಂತ ಅದರ ಉಪದ್ರವಗಳೇ ಹೆಚ್ಚು ಜನರನ್ನು ಕೊಂದಿವೆ. ಕುರು ಹೊರಪೊರೆಯತ್ತ ಒಡೆದರೆ ಎಂಪೈಮಾ. ಒಡೆದ ತೂತು ಮುಚ್ಚದಿದ್ದರೆ ಶ್ವಾಸನಾಳಕ್ಕೂ ಪೊರೆಯ ಸಂದಿಗೂ ಶಾಶ್ವತವಾದ ಕಿಂಡಿ. ಉಸಿರಿಗೊಮ್ಮೆ ಸೀಸೆಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ. ಕುರುವಿನ ಗೋಡೆಯಲ್ಲಿರುವ ರಕ್ತನಾಳ ಕೊಳೆತರೆ ಬಾಯಿತುಂಬ ರಕ್ತ. ಕೀವು ಒಮ್ಮೆಲೇ ಚೆಲ್ಲಿ ಇನ್ನೊಂದು ಶ್ವಾಸಕೋಶಕ್ಕೆ ನುಗ್ಗಿದರೆ ರೋಗಿ ತನ್ನ ಕೀವಿನಲ್ಲಿ ತಾನೇ ಮುಳುಗಿದಂತೆ. ರೋಗಾಣು ರಕ್ತದೊಡನೆ ಮಿದುಳಿಗೆ ಹೋದರೆ ಅಲ್ಲೂ ಕುರು.

ಒಂದೊಂದಕ್ಕೂ ಕಾಲಕ್ರಮದಲ್ಲಿ ಪರಿಹಾರ ದೊರೆಯಿತು. ಎಂಪೈಮಾದ ಗಟ್ಟಿ ಕೀವನ್ನು ಕರಗಿಸಲು 1949ರಲ್ಲಿ ಟಿಲ್ಲೆಟ್ ಮತ್ತು ಶೆರಿ ಸ್ಟ್ರೆಪ್ಟೊಕೈನೇಸ್ ಬಳಸಿದರು. 2011ರಲ್ಲಿ ಎರಡು ಔಷಧಿಗಳನ್ನು ಒಟ್ಟಿಗೆ ಹಾಕುವ ಕ್ರಮ ಇನ್ನೂ ಉತ್ತಮವೆಂದು ತಿಳಿಯಿತು. ಸುಮಾರು ಅದೇ 1949ರ ವೇಳೆಗೆ ಸ್ವೀಡನ್ನಿನ ಕಾರ್ಲೆನ್ಸ್ ಎರಡು ಶ್ವಾಸಕೋಶಗಳನ್ನೂ ಪ್ರತ್ಯೇಕಿಸಿ ಉಸಿರಾಡಿಸುವ ಜೋಡಿ ಕೊಳವೆಯನ್ನು ರೂಪಿಸಿದರು. 1970ರ ದಶಕದಲ್ಲಿ ಫ್ರಾನ್ಸಿನ ಜಾಕ್ ರೆಮಿ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ನುಗ್ಗಿಸಿ ರಕ್ತ ಸುರಿಸುವ ಶ್ವಾಸನಾಳದ ಧಮನಿಯನ್ನು ಮುಚ್ಚಿ ತೋರಿಸಿದರು. ಮದ್ದಿಗೂ ಬಗ್ಗದ ಕುರುವಿಗೆ ಶ್ವಾಸಕೋಶದ ಆ ಹಾಲೆಯನ್ನೇ ತೆಗೆಯುವ ಶಸ್ತ್ರಕ್ರಿಯೆ ಇದೆ. ಭಾರತದಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲಿ 1940ರ ದಶಕದ ಕೊನೆಗೆ ವೆಲ್ಲೂರಿಗೆ ಬಂದ ಅಮೆರಿಕದ ರೀವ್ ಬೆಟ್ಸ್ ಪ್ರಮುಖರು.

ಇಷ್ಟೆಲ್ಲ ಇದ್ದರೂ ಈ ರೋಗ ನಿರ್ಮೂಲವಾಗಿಲ್ಲ. ಜ್ವರ ಬಂದೊಡನೆ ಔಷಧಿ ಅಂಗಡಿಯಿಂದ ಎರಡು ದಿನದ ಗುಳಿಗೆ ತಂದು ನುಂಗಿ, ತುಸು ಹಗುರವಾದೊಡನೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹಲವು ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2014ರಿಂದ ಬಿಗ್ಗಟ್ಟು ಮಾಡಿದ್ದರೂ ಅಭ್ಯಾಸ ಹೋಗಿಲ್ಲ. ಅರ್ಧ ಮದ್ದು ಕುರುವನ್ನು ಗುಣಪಡಿಸದೆ ಮರೆಮಾಚುತ್ತದೆ. ಉಳಿದ ರೋಗಾಣು ಇನ್ನಷ್ಟು ಬಲಿಯುತ್ತದೆ. ಹಣ್ಣಾದುದನ್ನು ಗಮನಿಸದೆ ಬಿಡುವ ದೋಷ ಹಿಂದೆ ವೈದ್ಯನ ಪಾಲಿಗಿತ್ತು. ಈಗ ಅದರಲ್ಲಿ ರೋಗಿಗೂ ಮನೆಯವರಿಗೂ ಪಾಲು ಬಂದಿದೆ.

ಕಾಯಬೇಕಾದಲ್ಲಿ ಕಾಯುವ, ಕೊಯ್ಯಬೇಕಾದಲ್ಲಿ ಹಿಂಜರಿಯದ ವಿವೇಕವನ್ನು ವೈದ್ಯಕೀಯ ಎರಡು ಸಾವಿರ ವರ್ಷ ತೆತ್ತು ಸಂಪಾದಿಸಿತು. ನಾವು ಮಾಡಬೇಕಾದದ್ದು ಅದರ ಮುಂದೆ ಬಹಳ ಚಿಕ್ಕದು. ಮನೆಯ ಹಿರಿಯರ ಹಲ್ಲು, ವಸಡನ್ನು ಅಲಕ್ಷಿಸಬಾರದು. ಪಾರ್ಶ್ವವಾಯುವಿನವರಿಗೆ ಮಲಗಿಸಿಯೇ ಗಂಜಿ ಕುಡಿಸದೆ ಒರಗಿ ಕೂರಿಸಿ ಕುಡಿಸಬೇಕು. ವಾರ ಕಳೆದರೂ ಇಳಿಯದ ಜ್ವರಕ್ಕೆ, ನಾರುವ ಕಫಕ್ಕೆ ಎದೆಯ ಚಿತ್ರ ತೆಗೆಸಬೇಕು. ಬರೆದುಕೊಟ್ಟ ಔಷಧಿಯನ್ನು ಕೊನೆಯ ದಿನದವರೆಗೆ ತೆಗೆದುಕೊಳ್ಳಬೇಕು. ಫೆರೇ ಪಟ್ಟಣದ ಜೇಸನ್ನನಂತೆ ಶತ್ರುವಿನ ಕತ್ತಿಯನ್ನು ನಂಬಿ ಕೂರುವ ಗತಿ ನಮಗಿಲ್ಲ ಎಂಬುದೇ ನಮ್ಮ ಭಾಗ್ಯ.